ಓಣಿ ತುಂಬ ಕೋಳಿ, ಲಸಿಕೆ ಮಾತ್ರ ಯಾಕಿಲ್ಲ?

[ದೃಶ್ಯ: ಹಿತ್ತಲಲ್ಲಿ ತಿಪ್ಪೆ ಕೆದರುವ ಹ್ಯಾಟೆ, ಹಿಂದೆ ಮರಿಗಳು]

ನಮಸ್ಕಾರ. ಹುಬ್ಬಳ್ಳಿಯಲ್ಲಿ ಜವಾರಿ ತತ್ತಿ ಬೇಕು ಅಂದರೆ ಫಾರ್ಮ್ ತತ್ತಿಗಿಂತ ಜಾಸ್ತಿ ದುಡ್ಡು ಕೊಡಬೇಕು. ಜವಾರಿ ಹುಂಜಕ್ಕಂತೂ ಗಿರಾಕಿಗೆ ಬರವಿಲ್ಲ. ಹಾಗಿದ್ದೂ ಕುಂದಗೋಳ, ಸವಣೂರು, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಐದಾರು ಕೋಳಿ ಸಾಕುವ ಮನೆಯಲ್ಲಿ ವರ್ಷ ಉರುಳಿದರೂ ಐದಾರೇ ಕೋಳಿ. ಯಾಕೆ ಹೆಚ್ಚುವುದಿಲ್ಲ?

ಸಾಕುವವರಿಗೆ ಸಾಕಲು ಬರುವುದಿಲ್ಲ ಅಂತಲ್ಲ. ಮನೆಯ ಹೆಣ್ಣುಮಕ್ಕಳಿಗೆ ಯಾವ ಹ್ಯಾಟೆ ಕಾವಿಗೆ ಬಂದಿದೆ, ಯಾವುದು ಕದ್ದು ಬಣವೆಯಲ್ಲಿ ತತ್ತಿ ಇಡುತ್ತದೆ ಎಲ್ಲ ಗೊತ್ತು. ಸಂತೆಯಲ್ಲಿ ಕೋಳಿ ಮಾರಿದ ದುಡ್ಡು ಅವರ ಕೈಯಲ್ಲೇ ಉಳಿಯುತ್ತದೆ. ಮಗಳ ನೋಟ್‌ಬುಕ್ಕಿಗೆ, ಅತ್ತೆಯ ಗುಳಿಗೆಗೆ ಯಾರನ್ನೂ ಕೇಳಬೇಕಿಲ್ಲ. ಅದಕ್ಕೇ ಈ ವಿಷಯ ನನಗೆ ಸಣ್ಣದು ಅನ್ನಿಸುವುದಿಲ್ಲ.

[ದೃಶ್ಯ: ಬುಟ್ಟಿಯಲ್ಲಿ ಕಾವಿಗೆ ಕೂತ ಹ್ಯಾಟೆ]

ಲೆಕ್ಕ ಹಾಕೋಣ. ಜವಾರಿ ಹ್ಯಾಟೆ ವರ್ಷಕ್ಕೆ ಸುಮಾರು 50-60 ತತ್ತಿ ಇಡುತ್ತದೆ. 12 ತತ್ತಿ ಇಟ್ಟು ಕಾವಿಗೆ ಕೂರಿಸಿದರೆ 21 ದಿನಕ್ಕೆ ಒಂಬತ್ತೋ ಹತ್ತೋ ಮರಿ. ಆಮೇಲೆ ಶುರು. ಒಂದನ್ನು ಕಾಗೆ ಒಯ್ಯುತ್ತದೆ, ಎರಡನ್ನು ಹದ್ದು, ಕೆಲವನ್ನು ಮುಂಗುಸಿ. ಮಳೆಯಲ್ಲಿ ತೊಯ್ದು ಒಂದು ಸಾಯುತ್ತದೆ. ಎರಡು ತಿಂಗಳಿಗೆ ಮೂರು-ನಾಲ್ಕು ಉಳಿದರೆ ಪುಣ್ಯ.

ಮೊದಲ ನಾಲ್ಕು ವಾರ ದಾಟಿಸಿದರೆ ಅರ್ಧ ಗೆದ್ದಂತೆ. ತಾಯಿಕೋಳಿಯನ್ನು ಕಣ್ಣು ಅಗಲವಿರುವ ದೊಡ್ಡ ಬುಟ್ಟಿಯೊಳಗೆ ಮುಚ್ಚಿಡಿ. ಮರಿಗಳು ಸಂದಿಯಿಂದ ಹೊರಗೆ ಬರುತ್ತವೆ, ಹದ್ದಿನ ನೆರಳು ಕಂಡರೆ ಒಳಗೆ ಓಡುತ್ತವೆ. ಪಕ್ಕದಲ್ಲೇ ನುಚ್ಚು, ನೀರು. ಬರೀ ನುಚ್ಚು ಸಾಲದು, ಮರಿ ಬೆಳೆಯಲು ಹುಳುಹುಪ್ಪಟೆ ಬೇಕು. ಹಳೇ ಗಡಿಗೆಯಲ್ಲಿ ಒದ್ದೆ ಗೋಣಿಚೀಲದ ತುಂಡು, ಸೆಗಣಿ, ಹುಲ್ಲು ತುಂಬಿ ಗೆದ್ದಲು ಇರುವ ಕಡೆ ಬೋರಲು ಹಾಕಿಡಿ. ಮರುದಿನ ಎತ್ತಿದರೆ ಗೆದ್ದಲು ಮುತ್ತಿರುತ್ತವೆ. ಖರ್ಚಿಲ್ಲದ ಮೇವು.

ಇನ್ನೊಂದು ಮಾತು, ಬಿತ್ತನೆ ಕಾಲದ್ದು. ಗೋವಿನಜೋಳದ ಬಿತ್ತನೆ ಬೀಜಕ್ಕೆ ಗುಲಾಬಿ ಬಣ್ಣದ ಔಷಧಿ ಹಚ್ಚಿರುತ್ತಾರೆ, ಅಲ್ವಾ? ಅಂಗಳದಲ್ಲಿ ಚೆಲ್ಲಿದ ಆ ಬೀಜ ಕೋಳಿಗೆ ವಿಷ. ಹಾವೇರಿ ಜಿಲ್ಲೆಯಲ್ಲಿ ಗೋವಿನಜೋಳ ಎಷ್ಟು ಬೆಳೆಯುತ್ತಾರೆ ನೋಡಿ. ಚೀಲ ಬಿಚ್ಚುವ ದಿನ ಕೋಳಿ ಗೂಡಲ್ಲೇ ಇರಲಿ.

[ದೃಶ್ಯ: ಕುತ್ತಿಗೆ ತಿರುಚಿಕೊಂಡು ನಿಂತ ಕೋಳಿ]

ಇಷ್ಟೆಲ್ಲ ಮಾಡಿ ಬೆಳೆಸಿದ ಕೋಳಿಗಳನ್ನು ಒಂದೇ ವಾರದಲ್ಲಿ ಗುಡಿಸಿಹಾಕುವುದು ಕೊಕ್ಕರೆ ರೋಗ, ಅಂದರೆ ರಾಣಿಕೇತ್. ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರಾಟ, ಜೋತುಬಿದ್ದ ರೆಕ್ಕೆ, ತಿರುಚಿದ ಕುತ್ತಿಗೆ. ಇದು ವೈರಸ್. ಬಂದ ಮೇಲೆ ಔಷಧಿ ಇಲ್ಲ. ಮೆಡಿಕಲ್ ಶಾಪಿನ ಗುಳಿಗೆ ಪುಡಿ ಮಾಡಿ ನೀರಿಗೆ ಹಾಕಿದರೂ ಅಷ್ಟೇ. ಲಸಿಕೆ ಕಾಣದ ಕೋಳಿಗಳಾದರೆ ಗೂಡಿಗೆ ಗೂಡೇ ಖಾಲಿ.

ಲಸಿಕೆ ಇದೆ, ಹೊಸದೂ ಅಲ್ಲ, ತುಟ್ಟಿಯೂ ಅಲ್ಲ. ಹಾಗಾದರೆ ತೊಡಕು ಎಲ್ಲಿ? ಬಾಟಲಿಯಲ್ಲಿ. ಒಂದು ಸಣ್ಣ ಬಾಟಲಿ ಅಂದರೆ ನೂರು ಕೋಳಿಗೆ, ಇನ್ನೂರು ಕೋಳಿಗೆ, ಕೆಲವು ಸಾವಿರ ಕೋಳಿಗೆ. ನಿಮ್ಮ ಮನೆಯಲ್ಲಿ ಇರುವುದು ಎಂಟು. ಬಾಟಲಿಯನ್ನು ಫ್ರಿಜ್ಜಿನ ತಂಪಿನಲ್ಲೇ ತರಬೇಕು. ನೀರು ಬೆರೆಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು, ಉಳಿದದ್ದನ್ನು ನಾಳೆಗೆ ಇಡುವ ಹಾಗಿಲ್ಲ. ಎಂಟು ಕೋಳಿಗೆ ಅಂತ ಯಾರು ಬಾಟಲಿ ಒಡೆಯುತ್ತಾರೆ ಹೇಳಿ?

ಅದಕ್ಕೇ ನನ್ನ ಮಾತು ಇಷ್ಟೇ. ಮನೆ ಲೆಕ್ಕ ಬಿಡಿ, ಓಣಿ ಲೆಕ್ಕ ಹಿಡಿಯಿರಿ. ಹದಿನೈದು ಮನೆ ಸೇರಿದರೆ ನೂರು ಕೋಳಿ ಆಗುತ್ತವೆ. ಸ್ವಸಹಾಯ ಸಂಘದ ಸಭೆಯಲ್ಲಿ ಯಾರ ಮನೆಯಲ್ಲಿ ಎಷ್ಟು ಕೋಳಿ ಅಂತ ಬರೆದುಕೊಳ್ಳಿ. ಆ ಪಟ್ಟಿ ಹಿಡಿದು ಪಶು ಆಸ್ಪತ್ರೆಗೆ ಹೋಗಿ ಒಂದು ದಿನ ಗೊತ್ತುಮಾಡಿ. ಬಾಟಲಿ ತರಲು ಐಸ್ ಹಾಕಿದ ಥರ್ಮಾಸ್ ಇರಲಿ. ಹಿಂದಿನ ರಾತ್ರಿ ಗೂಡಿಗೆ ಹಾಕಿದ ಕೋಳಿಗಳನ್ನು ಬೆಳಗ್ಗೆ ಬಿಡಬೇಡಿ. ಒಮ್ಮೆ ಬಿಟ್ಟರೆ ಓಣಿ ತುಂಬ ಬೆನ್ನಟ್ಟುವುದೇ ಆಗುತ್ತದೆ.

[ದೃಶ್ಯ: ಅಂಗೈಯಲ್ಲಿ ಮರಿ, ಕಣ್ಣಿನ ಹತ್ತಿರ ಹನಿ]

ಹತ್ತಿರದಿಂದ ನೋಡಿ. ಐದರಿಂದ ಏಳು ದಿನದ ಮರಿಗೆ ಕಣ್ಣಿಗೆ ಒಂದೇ ಹನಿ. ತಲೆಯನ್ನು ಪಕ್ಕಕ್ಕೆ ವಾಲಿಸಿ ಹಿಡಿದಿದ್ದಾರೆ. ಹನಿ ಬಿತ್ತು, ಆದರೂ ಕೈ ಬಿಡಲಿಲ್ಲ. ಮರಿ ರೆಪ್ಪೆ ಬಡಿದು ಹನಿ ಒಳಗೆ ಹೋಗುವ ತನಕ ಕಾಯಬೇಕು. ಇದಕ್ಕೆ ಎಫ್-1 ಅಥವಾ ಲಸೋಟಾ ಲಸಿಕೆ. ಎಂಟು ವಾರ ದಾಟಿದ ಮೇಲೆ ಆರ್2ಬಿ, ಅದು ಇಂಜೆಕ್ಷನ್, ಪಶು ಆಸ್ಪತ್ರೆಯವರೇ ಹಾಕಲಿ. ಜಡ್ಡಾದ ಕೋಳಿಗೆ ಲಸಿಕೆ ಬೇಡ. ಊರಲ್ಲಿ ರೋಗ ಹೊಕ್ಕ ಮೇಲೆ ಓಡಾಡಿದರೆ ತಡವಾಯಿತು ಅಂತಲೇ ಲೆಕ್ಕ.

ರೋಗ ಬಂತು ಅಂತ ಗಾಬರಿಯಾಗಿ ಕೋಳಿಗಳನ್ನು ಬುಟ್ಟಿಗೆ ತುಂಬಿ ಸಂತೆಗೆ ಒಯ್ಯುತ್ತಾರೆ. ಕಷ್ಟ ಅರ್ಥವಾಗುತ್ತದೆ, ಆದರೆ ದಯವಿಟ್ಟು ಒಯ್ಯಬೇಡಿ. ಸಂತೆಯಿಂದಲೇ ಅದು ಹತ್ತು ಊರಿಗೆ ಹೋಗುತ್ತದೆ. ಸತ್ತದ್ದನ್ನು ಹಳ್ಳಕ್ಕೆ, ತಿಪ್ಪೆಗೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹುಗಿಯಿರಿ.

ಹಂಗಾದರೆ ಗಿರಿರಾಜ ತರೋಣವಾ ಅಂತ ಬಹಳ ಜನ ಕೇಳುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಳಿ ಅದು. ಬೇಗ ತೂಕ ಬರುತ್ತದೆ, ತತ್ತಿಯೂ ಜಾಸ್ತಿ. ಆದರೆ ಕಾವಿಗೆ ಕೂರುವುದಿಲ್ಲ. ಪ್ರತಿ ಸಲ ಮರಿ ಕೊಳ್ಳಬೇಕು, ಮೇವೂ ಕೊಳ್ಳಬೇಕು. ಕೈಯಲ್ಲಿ ದುಡ್ಡಿಲ್ಲದ ಮನೆಗೆ ಜವಾರಿಯೇ ಸರಿ ಅಂತ ನನ್ನ ಅಭಿಪ್ರಾಯ. ಮತ್ತೆ, ತಳಿ ಯಾವುದಾದರೂ ಕೊಕ್ಕರೆ ರೋಗ ಬಿಡುವುದಿಲ್ಲ.

ಸರ್ಕಾರಕ್ಕೂ ಒಂದು ಮಾತು ಹೇಳಬೇಕು. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಗ್ರಾಮೀಣ ಕೋಳಿ ಘಟಕಕ್ಕೆ 50% ಸಬ್ಸಿಡಿ ಇದೆ, 25 ಲಕ್ಷ ರೂಪಾಯಿವರೆಗೆ. ಆದರೆ ಕನಿಷ್ಠ 1,000 ತಾಯಿಕೋಳಿ ಇರಬೇಕು. ಎಂಟು ಕೋಳಿಯ ಅಕ್ಕನಿಗೆ ಅದರಿಂದ ಏನು ಬಂತು? ಆಕೆಗೆ ಬೇಕಿರುವುದು ಊರಿಗೆ ಹೊತ್ತಿಗೆ ಸರಿಯಾಗಿ ಬರುವ ತಂಪು ಬಾಟಲಿ. ಗ್ರಾಮಸಭೆಯಲ್ಲಿ ಇದನ್ನೇ ಕೇಳಿ, ಬರೆಸಿ.

[ಪರದೆಯ ಮೇಲೆ: ಪಶು ಸಹಾಯವಾಣಿ 1962]

ಕೋಳಿ ಒಂದೊಂದಾಗಿ ಸಾಯಲು ಶುರುವಾದರೆ 1962ಕ್ಕೆ ಫೋನ್ ಮಾಡಿ. ನಿಮ್ಮ ಓಣಿಯವರು ಈಗಾಗಲೇ ಕೂಡಿ ಲಸಿಕೆ ಹಾಕಿಸಿದ್ದರೆ ಎಷ್ಟು ಮನೆ ಸೇರಿದಿರಿ, ಬಾಟಲಿ ಯಾರು ತಂದರು, ಕೆಳಗೆ ಕಾಮೆಂಟ್‌ನಲ್ಲಿ ಬರೆಯಿರಿ. ಪಕ್ಕದ ಊರಿನವರು ಅದನ್ನು ಓದಿ ಹಾಗೇ ಮಾಡಲಿ.