ಸಪೋರ್ಟ್ ಇಲ್ಲ ಅನ್ನೋ ಮುಂಚೆ ಇನ್‌ಕ್ವೈರಿ ಕಳಿಸಿದ್ರಾ?

ನಮಸ್ಕಾರ. ಸಿಡಿ ಚೇಂಜರ್ (ಹಲವು ಸಿಡಿ ತುಂಬಿಸಿಡುವ ಡ್ರೈವ್) ವಿಡಿಯೊ ಕೆಳಗೆ ಒಬ್ಬರು ಬರೆದಿದ್ದಾರೆ: "ಐದು ಸಿಡಿ ಹಾಕಿದರೂ ಲಿನಕ್ಸ್‌ನಲ್ಲಿ ಒಂದೇ ಕಾಣುತ್ತೆ. ಸಪೋರ್ಟ್ ಇಲ್ಲ, ಗುಜರಿಗೆ ಹಾಕಿ." ಅದಕ್ಕೆ ಲೈಕ್ ಬೇರೆ! ಓದಿ ಮೈಯೆಲ್ಲ ಉರಿಯಿತು.

ಸ್ವಾಮಿ, ನೀನು ಯಾರಪ್ಪಾ ಅಂತ ಆ ಡಿವೈಸನ್ನೇ ಒಮ್ಮೆ ಕೇಳಿದಿರಾ?

ಕೇಳೋಕೆ ಅಂತಲೇ ಸ್ಕಸಿಯಲ್ಲಿ (SCSI, ಇಂಥ ಡ್ರೈವ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ವ್ಯವಸ್ಥೆ) ಇನ್‌ಕ್ವೈರಿ ಕಮಾಂಡ್ ಇದೆ. ಉತ್ತರದ ಮೊದಲ ಬೈಟ್‌ನಲ್ಲೇ ಅದರ ಜಾತಕ ಸಿಗುತ್ತದೆ. 8 ಬಂದರೆ ಅದು ಮೀಡಿಯಂ ಚೇಂಜರ್, ಅಂದರೆ ಡಿಸ್ಕ್, ಟೇಪ್ ಎತ್ತಿಡುವ ಯಂತ್ರ. ಲಿನಕ್ಸ್‌ನಲ್ಲಿ ಎಂಟಿಎಕ್ಸ್ (mtx), ಫ್ರೀಬಿಎಸ್‌ಡಿಯಲ್ಲಿ ಚಿಯೊ (chio) ಅನ್ನೋ ಪ್ರೋಗ್ರಾಂಗಳು ಅದರ ಜೊತೆ ಮಾತಾಡುತ್ತವೆ. 5 ಬಂದರೆ ಸಿಡಿ ಡ್ರೈವ್. ಆಗ ಲನ್‌ಗಳನ್ನು (LUN), ಅಂದರೆ ಒಂದೇ ಡಿವೈಸಿನ ಒಳಗಿನ ಘಟಕಗಳ ನಂಬರುಗಳನ್ನು ಹುಡುಕಬೇಕು.

ನಾಕಮಿಚಿ ಎಂಜೆ-5.16ಎಸ್ ತಗೊಳ್ಳಿ. ಐದು ಸಿಡಿ, ಓದುವ ಹೆಡ್ ಒಂದೇ. ಒಂದೊಂದು ಸಿಡಿಗೂ ಒಂದೊಂದು ಲನ್, 0 ರಿಂದ 4. ಮಲ್ಟಿ ಲನ್ ಆಯ್ಕೆ ಇಲ್ಲದೆ ಕಟ್ಟಿದ ಹಳೇ ಕರ್ನಲ್ (ಲಿನಕ್ಸ್‌ನ ತಿರುಳು) 0 ನೋಡಿ ಸುಮ್ಮನಾಗುತ್ತಿತ್ತು. ಉಳಿದ ನಾಲ್ಕು ಅಲ್ಲೇ ಇದ್ದವು, ಯಾರೂ ಕೇಳಲಿಲ್ಲ ಅಷ್ಟೆ!

ವಿಶೇಷವಾಗಿ ನೋಡಿಕೊಳ್ಳಬೇಕಾದ ಡಿವೈಸ್‌ಗಳ ಪಟ್ಟಿ ಕರ್ನಲ್‌ನಲ್ಲಿದೆ, ಈ ಮಾಡೆಲ್ ಹೆಸರು ಈಗ ಅದರಲ್ಲೇ ಇದೆ. ಪಯನಿಯರ್ ಡಿಆರ್‌ಎಂ-604ಎಕ್ಸ್ ಕೂಡ ಇದೆ. ನಿಮ್ಮದು ಇಲ್ಲವಾ? ಕರ್ನಲ್‌ನ ಸ್ಕಸಿ ಮಾಡ್ಯೂಲ್‌ನಲ್ಲಿ ಡೆವ್ ಫ್ಲ್ಯಾಗ್ಸ್ (dev_flags) ಅನ್ನೋ ಸೆಟ್ಟಿಂಗ್ ಇದೆ, ಅದರಲ್ಲಿ ಕಂಪನಿ, ಮಾಡೆಲ್ ಬರೆದು, ಮುಂದೆ ಹೆಕ್ಸ್‌ನಲ್ಲಿ (16ರ ಲೆಕ್ಕದಲ್ಲಿ) 12 ಹಾಕಿ. ಅದರಲ್ಲಿ 2 ಅಂದರೆ ಎಲ್ಲ ಲನ್ ನೋಡು ಅಂತ. 10 ಅಂದರೆ ಒಂದು ಸಲಕ್ಕೆ ಒಂದೇ ಲನ್ ಮುಟ್ಟು ಅಂತ. ಎರಡೂ ಬೇಕು. ಇರೋದು ಒಂದೇ ಹೆಡ್, ಅಲ್ವಾ? ಎರಡು ಸಿಡಿಗೆ ಒಟ್ಟಿಗೆ ಕೈ ಹಾಕಿದರೆ ತಟ್ಟೆ ಬದಲಾಯಿಸುತ್ತಲೇ ಇರುತ್ತದೆ.

ಇಲ್ಲಿ ಗಮನ ಕೊಡಿ. ಕಂಪನಿ ಹೆಸರಿಗೆ ಇನ್‌ಕ್ವೈರಿಯಲ್ಲಿ ಜಾಗ 8 ಅಕ್ಷರಕ್ಕೆ ಮಾತ್ರ. ನಾಕಮಿಚಿ ಇಂಗ್ಲಿಷ್‌ನಲ್ಲಿ 9 ಅಕ್ಷರ, ಕೊನೆಯ ಐ ಬಿದ್ದುಹೋಗುತ್ತದೆ. ಪೆಟ್ಟಿಗೆ ಮೇಲಿನ ಹೆಸರು ನೋಡಿ ಟೈಪ್ ಮಾಡಿದರೆ ತಾಳೆಯಾಗದೆ ಹೋಗಬಹುದು. ಅದಕ್ಕೇ ಬಡಕೊಳ್ಳುತ್ತಿದ್ದೇನೆ, ಮೊದಲು ಡಿವೈಸನ್ನು ಕೇಳಿ!

ಕೇಬಲ್, ಟರ್ಮಿನೇಟರ್ ಬಗ್ಗೆ ಬೇರೆ ವಿಡಿಯೊ ಮಾಡಿದ್ದೇನೆ, ಅದನ್ನೂ ನೋಡಿ. ಸಬ್‌ಸ್ಕ್ರೈಬ್ ಆಗದವರು ಈಗಲೇ ಆಗಿಬಿಡಿ.

"ವಿಂಡೋಸ್ ಹಾಕಿಕೊಳ್ಳಿ" ಅಂತಾರೆ ಇನ್ನೊಬ್ಬರು. ಅಲ್ಲಿಂದ ಹೋಗೋದೂ ಇದೇ ಇನ್‌ಕ್ವೈರಿ ಕಣ್ರೀ! "ಈಗ ಸಿಡಿ ಯಾರು ಬಳಸ್ತಾರೆ?" ನಾನು ಬಳಸುತ್ತೇನೆ. ಸಾಕಾ?

ಗಟ್ಟಿಯಾಗಿ ಓಡೋ ಯಂತ್ರವನ್ನು ಒಂದು ಪ್ರಶ್ನೆ ಕೂಡ ಕೇಳದೆ ಗುಜರಿಗೆ ಹಾಕು ಅಂತೀರಲ್ಲ, ಏನನ್ನಬೇಕು ನಿಮಗೆ? ಕೇಳಿ. ಎಲ್ಲ ಲನ್‌ಗಳನ್ನೂ ಕೇಳಿ. ಇನ್‌ಕ್ವೈರಿ ಕಳಿಸೋಕೆ ಎಸ್‌ಜಿ ಇಂಕ್ (sg_inq) ಅಂತ ಕಮಾಂಡ್ ಇದೆ, ಒಂದು ನಿಮಿಷದ ಕೆಲಸ. ಬಂದ ಉತ್ತರವನ್ನು ಹಾಗೇ ಕಾಮೆಂಟ್‌ನಲ್ಲಿ ಅಂಟಿಸಿ, ಕೂತು ನೋಡೋಣ. ಬರೀ ಸಪೋರ್ಟ್ ಇಲ್ಲ ಅಂತ ಬರೆದವರಿಗೆ ಇನ್ನು ಮೇಲೆ ನಾನು ಉತ್ತರ ಕೊಡಲ್ಲ.