ಗುಂಪು ಹಿಡಿದು ಬೇಡ, ಹೆಸರು ಹಿಡಿದು ಕರೀರಿ

ಎಲ್ರಿಗೂ ನಮಸ್ಕಾರ. ಟೊಮ್ಯಾಟೋ ಕಿತ್ತು ಕ್ರೇಟಿಗೆ ತುಂಬಿ ಈಗಷ್ಟೇ ಮನೆಗೆ ಬಂದು ಕೈಕಾಲು ತೊಳ್ಕೊಂಡು ಕೂತಿರೋ ಅಕ್ಕಂದಿರು, ರೇಷ್ಮೆ ಹುಳಕ್ಕೆ ಸೊಪ್ಪು ಹಾಕ್ತಾ ಕೇಳ್ತಿರೋ ಅಣ್ಣಂದಿರು, ನಿಮ್ಮನ್ನೇ ಮನಸಲ್ಲಿಟ್ಕೊಂಡು ಮಾತಾಡ್ತೀನಿ. ನಾನು ಚಿಂತಾಮಣಿಯವಳು, ಮಂಗಳಮುಖಿ. ನಮ್ಮ ಸಮುದಾಯದವ್ರಿಗೆ ವೋಟರ್ ಐಡಿ, ಆಧಾರ್, ಪಿಂಚಣಿ ಅರ್ಜಿ ತುಂಬ್ಕೊಡೋ ಕೆಲ್ಸ ನಂದು. ಜಾತಿ, ಧರ್ಮ, ಪಕ್ಷ ಬೇರೆ ಇದ್ರೂ ಒಬ್ರಿಗೊಬ್ರು ಮರ್ಯಾದೆ ಕೊಡೋದು ಹೇಗೆ ಅಂತ ಮಾತಾಡಿ ಅಂತ ಈ ರೇಡಿಯೋದವ್ರು ಕರೆದಿದಾರೆ. ನನ್ನ ಹತ್ರ ಇರೋದು ಒಂದೇ ಮಾತು. ಗುಂಪು ಹಿಡಿದು ಕರೀಬೇಡಿ, ಹೆಸರು ಹಿಡಿದು ಕರೀರಿ. ಹೆಸರು ಗೊತ್ತಿಲ್ವಾ, ಅಕ್ಕ ಅನ್ನಿ, ಅಣ್ಣ ಅನ್ನಿ, ಅಷ್ಟು ಸಾಕು.

ನಮ್ಮ ಬೀದಿ ಕೊನೇಲಿ ಒಬ್ರು ಟೈಲರ್ ಚಾಚಾ ಇದಾರೆ. ನಾನು ಹುಡುಗ ಅಂತ ಮನೇಲಿ ಅನ್ಕೊಂಡಿದ್ದ ಕಾಲದಲ್ಲಿ ನನ್ನ ಸ್ಕೂಲ್ ಚಡ್ಡಿ, ಶರ್ಟು ಹೊಲಿದವರು ಅವ್ರೇ. ಆಮೇಲೆ ಮನೆ ಬಿಟ್ಟು ಬೆಂಗ್ಳೂರು ಸೇರಿ ಆರು ವರ್ಷ ಆದ್ಮೇಲೆ ಸೀರೆ ಉಟ್ಕೊಂಡು ಊರಿಗೆ ಬಂದೆ, ಬ್ಲೌಸ್ ಪೀಸ್ ಹಿಡ್ಕೊಂಡು ಅವ್ರ ಅಂಗಡಿ ಮೆಟ್ಲು ಹತ್ತುವಾಗ ಕಾಲು ನಡುಗ್ತಿತ್ತು, ಯಾಕಂದ್ರೆ ಅದಕ್ಕೆ ಮುಂಚೆ ಎರಡು ಅಂಗಡೀಲಿ ಇಲ್ಲ ಅನ್ಸ್ಕೊಂಡು ಬಂದಿದ್ದೆ. ಚಾಚಾ ಮಿಷನ್ ನಿಲ್ಸಿದ್ರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕ್ಕೊಂಡ್ರು. "ನೋಡು, ನನ್ನ ದೀನ್, ನನ್ನ ಧರ್ಮದ ಪ್ರಕಾರ ನೀನು ಮಾಡಿದ್ದು ನಂಗೆ ಒಪ್ಪಿಗೆ ಇಲ್ಲ, ಸುಳ್ಳು ಹೇಳಲ್ಲ. ಈಗ ಹೇಳು, ಬುಕ್ಕಲ್ಲಿ ಹೆಸರು ಏನಂತ ಬರ್ಕೊಳ್ಲಿ?" ಅಂದ್ರು. ಹೇಳ್ದೆ. ಅಳತೆ ಬುಕ್ಕಲ್ಲಿ ಹೊಸಾ ಹಾಳೆ ತೆಗೆದು ಉರ್ದೂಲಿ ಬರ್ಕೊಂಡ್ರು. ಆಮೇಲೆ ಟೇಪು ತಾವು ಮುಟ್ಲಿಲ್ಲ, ಒಳಗಡೆ ತಿರುಗಿ ಚಾಚೀನ ಕೂಗಿದ್ರು, ಹೆಂಗಸರ ಅಳತೆ ಆ ಅಂಗಡೀಲಿ ಯಾವಾಗ್ಲೂ ಚಾಚೀನೇ ತಗೊಳೋದು. ನಂಗೆ ಅಲ್ಲೇ ಅಳು ಬಂದ್ಬಿಡ್ತು. ಒಪ್ಪಿಗೆ ಇಲ್ಲ ಅಂದ ಮನುಷ್ಯನೇ ನನ್ನನ್ನ ಹೆಣ್ಣು ಅಂತ ನಡೆಸ್ಕೊಂಡ್ರಲ್ಲ!

ಕತೆ ಮುಗೀಲಿಲ್ಲ, ಮುಖ್ಯವಾದ್ದು ಈಗ ಬರುತ್ತೆ. ಅವ್ರ ಪಕ್ಷ ಒಂದು, ನನ್ನ ಪಕ್ಷ ಇನ್ನೊಂದು, ಎಲೆಕ್ಷನ್ ಬಂದ್ರೆ ಅಂಗಡೀಲೇ ವಾದ ಶುರು. ಒಂದ್ಸಲ ಮಾತಿಗೆ ಮಾತು ಬೆಳೆದು ನಾನು "ನಿಮ್ಮವ್ರೆಲ್ಲ ಹಿಂಗೇನೇ" ಅಂದ್ಬಿಟ್ಟೆ. ಚಾಚಾ ಜೋರು ಮಾಡ್ಲಿಲ್ಲ. "ಅಮ್ಮಾ, ನಾನು ನಿನ್ನ ಹೆಸರು ಹಿಡಿದು ಕರೀತೀನಿ, ನೀನು ನನ್ನನ್ನ ನಿಮ್ಮವ್ರು ಅಂತೀಯ" ಅಂದ್ರು. ಬಸ್ ಸ್ಟ್ಯಾಂಡಲ್ಲಿ ನನ್ನನ್ನ ಒಂಬತ್ತು ಅಂತ ಕೂಗ್ತಾರಲ್ಲ, ಅದೇ ಕೆಲ್ಸ ನಾನೂ ಮಾಡಿದ್ದೆ ಅಂತ ಆವಾಗ ಹೊಳೀತು. ಮೂರು ದಿನ ಆ ಕಡೆ ಹೋಗೋಕೆ ಮುಖ ಇರ್ಲಿಲ್ಲ. ನಾಲ್ಕನೇ ದಿನ ಹೋಗಿ, ತಪ್ಪಾಯ್ತು ಚಾಚಾ ಅಂದೆ. ಟೀ ತರಿಸಿದ್ರು. ಟೀ ಮುಗಿಯೋ ಹೊತ್ಗೆ ಮತ್ತೆ ಅದೇ ಎಲೆಕ್ಷನ್ ವಾದ, ಅದು ನಿಲ್ಲಲ್ಲ, ನಿಲ್ಲೋದೂ ಬೇಡ.

ಅದಕ್ಕೇ ಹೇಳ್ತೀನಿ, ಒಪ್ಪಿ ಅಂತ ನಾನು ಯಾರನ್ನೂ ಕೇಳ್ತಿಲ್ಲ. ಕರೆಯೋದನ್ನ ಸರಿಯಾಗಿ ಕರೀರಿ ಅಂತಿದೀನಿ. ಇದೇನು ಅಷ್ಟು ಕಷ್ಟದ್ದಾ?

ನಮ್ಮ ಹಮಾಮ್‌ಗಳಲ್ಲಿ, ಅಂದ್ರೆ ಗುರು ಚೇಲಾ ಒಟ್ಟಿಗಿರೋ ಮನೆಗಳಲ್ಲಿ, ಹಿಂದೂ ಗುರುಗೆ ಮುಸ್ಲಿಂ ಚೇಲಾ ಇರ್ತಾಳೆ, ಕ್ರಿಶ್ಚಿಯನ್ ಚೇಲಾನೂ ಇರ್ತಾಳೆ. ಒಂದು ಮೂಲೇಲಿ ದೀಪ, ಇನ್ನೊಂದು ಮೂಲೇಲಿ ನಮಾಜಿನ ಚಾಪೆ. ಮನೆಯಿಂದ ಹೊರಗೆ ಹಾಕ್ಸ್ಕೊಂಡು ಬಂದವ್ರಿಗೆ ಯಾರ ದೇವ್ರು ದೊಡ್ಡೋನು ಅಂತ ಜಗಳ ಆಡೋಕೆ ಪುರುಸೊತ್ತು ಎಲ್ಲಿ. ಮುರುಗಮಲ್ಲದ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಹೋಗಿ ನೋಡಿ, ಅಲ್ಲಿ ಹರಕೆ ಹೊತ್ಕೊಂಡು ಬರೋರಲ್ಲಿ ಹಿಂದೂಗಳು ಎಷ್ಟು ಜನ ಇರ್ತಾರೆ ಅಂತ, ಇದು ನಮ್ಮ ಜಿಲ್ಲೆಗೆ ಹೊಸ್ದೇನಲ್ಲ.

ಕಾನೂನಿನ ಬಗ್ಗೆ ತುಂಬಾ ಹೇಳೋದಿತ್ತು, ಚಾಚಾ ಕತೇಲೇ ಟೈಮ್ ಹೋಯ್ತು, ಬೇಗ ಹೇಳ್ಬಿಡ್ತೀನಿ. 2014ರ ಏಪ್ರಿಲ್ 15ಕ್ಕೆ ಸುಪ್ರೀಂ ಕೋರ್ಟ್ ನಮ್ಮನ್ನ ತೃತೀಯ ಲಿಂಗಿಗಳು ಅಂತ ಗುರುತಿಸ್ತು. 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ನೌಕರಿ ನೇಮಕಾತೀಲಿ ನಮಗೆ 1% ಮೀಸಲಾತಿ ತಂತು. ಅದೇ ವರ್ಷ ನಮ್ಮ ಸಮುದಾಯದ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಅವ್ರು ಪದ್ಮಶ್ರೀ ತಗೊಳೋಕೆ ಹೋಗಿ ರಾಷ್ಟ್ರಪತಿಗಳ ಮುಂದೆ ನಿಂತು ಸೆರಗು ಹಿಡಿದು ದೃಷ್ಟಿ ತೆಗೆದಿದ್ದು ಟೀವೀಲಿ ನೋಡಿರ್ತೀರ. ಕೋರ್ಟು, ಸರ್ಕಾರ ಕಾಗದದ ಮೇಲೆ ಹೆಸರು ಕೊಡುತ್ತೆ ಅಷ್ಟೆ, ಆ ಹೆಸರು ಕೂಗ್ಬೇಕಾದವ್ರು ಪಕ್ಕದ ಮನೆಯವ್ರು. ನಿಮ್ಮ ಮನೇಲೇ ನನ್ನಂಥ ಮಗು ಇದ್ರೆ ದಯವಿಟ್ಟು ಹೊರಗೆ ಕಳಿಸ್ಬೇಡಿ, ಪೂಜೆ ನಿಮ್ದೇ ಇರ್ಲಿ, ಪಕ್ಷ ನಿಮ್ದೇ ಇರ್ಲಿ, ಊಟಕ್ಕೆ ಕರೆಯುವಾಗ ಅದು ಯಾವ ಹೆಸರು ಕೇಳುತ್ತೋ ಆ ಹೆಸರಲ್ಲಿ ಕರೀರಿ.

ಟೈಮ್ ಆಯ್ತು ಅಂತ ಗಾಜಿನ ಆಚೆಯಿಂದ ಸನ್ನೆ ಮಾಡ್ತಿದಾರೆ. ಚಾಚಾಗೆ ಈಗ ಕಣ್ಣು ಸರಿಯಾಗಿ ಕಾಣ್ಸಲ್ಲ, ಅಂಗಡಿ ಮಗ ನೋಡ್ಕೊಳ್ತಾನೆ, ಅಳತೆ ಬುಕ್ಕು ಮಾತ್ರ ಅದೇ. ಚಾಚಿ ಇವತ್ತು ರೇಡಿಯೋ ಹಾಕ್ಕೊಂಡು ಕೂತಿರ್ತೀನಿ ಅಂದಿದ್ರು. ಚಾಚಿ, ಬ್ಲೌಸ್ ಭಾನುವಾರ ಬಂದು ತಗೊಂಡು ಹೋಗ್ತೀನಿ. ಎಲ್ರಿಗೂ ನಮಸ್ಕಾರ.