ವಜ್ರಕ್ಕೆ ಎಣ್ಣೆಯ ಮೋಹ

ಕೇಳುಗರಿಗೆಲ್ಲ ನಮಸ್ಕಾರ.

ಮೊದಲೆಲ್ಲ ನಿಶ್ಚಯದ ದಿನ ಉಡಿ ತುಂಬಿ, ಬೆರಳಿಗೊಂದು ಬಂಗಾರದ ಉಂಗುರ ಏರಿಸಿದರೆ ಸಾಕಿತ್ತು. ಈಗ ಹಾಗಲ್ಲ. ನಿಶ್ಚಿತಾರ್ಥವಿರಲಿ, ಮಂಗನಿ ಇರಲಿ, ಕಲಬುರಗಿಯಲ್ಲಾಗಲಿ ಬೀದರಿನಲ್ಲಾಗಲಿ, ಜೋಳದ ಕಾಳಿನಷ್ಟಾದರೂ ಒಂದು ವಜ್ರ ಉಂಗುರದ ಮೇಲೆ ಕೂತಿರಬೇಕು ಅಂತ ಮಕ್ಕಳ ಹಟ. ಹಿರಿಯರೂ ಒಪ್ಪುತ್ತಾರೆ. ಮದುವೆಯಾಗಿ ವರ್ಷ ತುಂಬುವುದರೊಳಗೆ ದೂರು ಶುರು: “ಅಂಗಡ್ಯಾಗ ನೋಡಿದಾಗ ಹೆಂಗ ಹೊಳೀತಿತ್ತು, ಈಗ ನೋಡ್ರಿ, ಸಪ್ಪಗ ಆಗ್ಯಾದ. ನಮಗ ಮೋಸ ಮಾಡ್ಯಾರೇನು?”

ಹೆಚ್ಚಿನ ಸಲ ಮೋಸವೇನೂ ಆಗಿರುವುದಿಲ್ಲ. ಹರಳು ಸವೆದಿರುವುದೂ ಇಲ್ಲ. ಅದರ ತಳಕ್ಕೆ ಎಣ್ಣೆ ಹಿಡಿದಿರುತ್ತದೆ.

ವಜ್ರ ಅಂದರೆ ಬರೀ ಇಂಗಾಲ. ಅದರ ಮೈಗೆ ನೀರು ಹತ್ತುವುದಿಲ್ಲ, ಎಣ್ಣೆ, ಜಿಡ್ಡು ಮಾತ್ರ ಬೇಗ ಹತ್ತುತ್ತವೆ. ಈ ಗುಣವನ್ನೇ ಹಿಡಿದು ದಕ್ಷಿಣ ಆಫ್ರಿಕಾದ ಕಿಂಬರ್ಲಿ ಗಣಿಯವರು 19ನೇ ಶತಮಾನದ ಕೊನೆಯಲ್ಲಿ ಒಂದು ಉಪಾಯ ಮಾಡಿದರು. ಇಳಿಜಾರು ಹಲಗೆಗೆ ದಪ್ಪಗೆ ಗ್ರೀಸ್ ಬಳಿದು, ಅದರ ಮೇಲೆ ನೀರಿನ ಜೊತೆ ಗಣಿಯ ಹರಳುಕಲ್ಲುಗಳನ್ನು ಹರಿಯಬಿಟ್ಟರು. ಒದ್ದೆಯಾದ ಉಳಿದ ಕಲ್ಲೆಲ್ಲ ಜಾರಿ ಹೋಯಿತು, ವಜ್ರ ಮಾತ್ರ ಗ್ರೀಸಿಗೆ ಅಂಟಿಕೊಂಡು ನಿಂತಿತು. ಗಣಿಯಲ್ಲಿ ಲಾಭ ತಂದ ಆ ಗುಣವೇ ಬೆರಳಿಗೆ ಬಂದಮೇಲೆ ತಾಪತ್ರಯ.

ತಳಕ್ಕೆ ಎಣ್ಣೆ ಹತ್ತಿದರೆ ಹೊಳಪು ಯಾಕೆ ಹೋಗಬೇಕು? ನಾವು ನೋಡುವ ಹೊಳಪು ಹರಳಿನ ಮೇಲ್ಮೈಯದಷ್ಟೇ ಅಲ್ಲ. ಬೆಳಕು ಮೇಲಿನಿಂದ ಒಳಗಿಳಿದು, ಕೆಳಗಿನ ಇಳಿಜಾರು ಮುಖಗಳಿಗೆ ಬಡಿದು, ತಿರುಗಿ ನಮ್ಮ ಕಣ್ಣಿಗೆ ಬರುತ್ತದೆ. ವಜ್ರದ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಗ್ಗಿಸುವ ಗುಣದ ಅಳತೆ, 2.42. ಅಷ್ಟು ಹೆಚ್ಚಿರುವುದರಿಂದ, ಒಳಗಿನ ಮುಖಕ್ಕೆ ಸುಮಾರು 24 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಿದ್ದ ಬೆಳಕೆಲ್ಲ ವಾಪಸು ಬರುತ್ತದೆ. ಅದೇ ಮುಖದ ಹೊರಗೆ ಎಣ್ಣೆಯ ಪದರ ಕೂತರೆ 37 ಡಿಗ್ರಿಯ ಮೇಲಿನದು ಮಾತ್ರ ವಾಪಸು. ಉಳಿದದ್ದು ತಳದಿಂದ ಸೋರಿಹೋಗುತ್ತದೆ. ಆದ್ದರಿಂದ ಸೆರಗಿನಿಂದ ಮೇಲೆ ಮೇಲೆ ಎಷ್ಟು ಒರೆಸಿದರೂ ಉಪಯೋಗವಿಲ್ಲ. ಕೊಳೆ ಕೂತಿರುವುದು ಕೆಳಗೆ.

ನಮ್ಮ ಕಡೆ ಕೈಗೆ ಎಣ್ಣೆ ತಾಕದ ಹೊತ್ತು ಯಾವುದು ಹೇಳಿ? ಎಣ್ಣಿಗಾಯಿಗೆ ಮಸಾಲೆ ತುಂಬಬೇಕು, ಸೇಂಗಾ ಹಿಂಡಿ ಕುಟ್ಟಬೇಕು, ಚಳಿಗಾಲಕ್ಕೆ ಕೈಗೆ ವ್ಯಾಸಲೀನ್ ಬೇಕು. ಅದರ ಮೇಲೆ ಜೋಳದ ಹಿಟ್ಟು. ನಾದುವಾಗ ಹಿಟ್ಟು ಹರಳಿನ ಅಡಿ ಹೊಕ್ಕು, ಒಣಗಿ, ಎಣ್ಣೆಯ ಜೊತೆ ಸೇರಿ ಬಿಗಿಯಾಗಿ ಕೂತುಬಿಡುತ್ತದೆ. ಹಿಂದೆ ನಮ್ಮನ್ನಾಳಿದ ಕೊನೆಯ ನಿಜಾಮರು 184.75 ಕ್ಯಾರಟ್ಟಿನ ಜೇಕಬ್ ವಜ್ರವನ್ನು ಕಾಗದ ಹಾರದಂತೆ ಮೇಜಿನ ಮೇಲೆ ಇಟ್ಟುಕೊಂಡಿದ್ದರು ಅಂತಾರೆ. ಸುಮಾರು 37 ಗ್ರಾಂ ತೂಕದ ಆ ವಜ್ರಕ್ಕೆ ರೊಟ್ಟಿ ಹಿಟ್ಟಿನ ಕಾಟವಂತೂ ಇರಲಿಲ್ಲ ಬಿಡಿ.

ಈಗ ತೊಳೆಯುವ ಕೆಲಸಕ್ಕೆ ಬರೋಣ. ನೀರು ಮುಟ್ಟಿಸುವ ಮೊದಲು ಉಂಗುರವನ್ನು ಕಿವಿಯ ಹತ್ತಿರ ಹಿಡಿದು, ಬೆರಳಿನಿಂದ ಮೆಲ್ಲಗೆ ತಟ್ಟಿ ಕೇಳಿ. ಒಳಗೆ ಕಟಕಟ ಸದ್ದು ಬಂದರೆ ಹರಳು ಸಡಿಲಾಗಿದೆ ಅಂತ ಅರ್ಥ. ಹಾಗಿದ್ದರೆ ತೊಳೆಯಲೇಬೇಡಿ, ಸೀದಾ ಪತ್ತಾರರ ಹತ್ತಿರ ಒಯ್ಯಿರಿ. ಎಷ್ಟೋ ಸಲ ಸಡಿಲಾದ ಹರಳನ್ನು ಹಿಡಿದು ನಿಲ್ಲಿಸಿರುವುದು ಆ ಗಟ್ಟಿಯಾದ ಕೊಳೆಯೇ. ಅದು ತೊಳೆದುಹೋದರೆ ಹರಳೂ ಹೋಯಿತು.

ಸದ್ದಿಲ್ಲದಿದ್ದರೆ ಒಂದು ಸಣ್ಣ ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರು ತಗೊಂಡು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಮೂರು ಹನಿ ಹಾಕಿ. ಉಂಗುರವನ್ನು ಅದರಲ್ಲಿ ಅರ್ಧ ತಾಸು ಬಿಡಿ. ಜಿಡ್ಡು ಸಡಿಲಾಗುವುದು ನೆನೆಯುವುದರಿಂದಲೇ, ಉಜ್ಜುವುದರಿಂದಲ್ಲ. ಆಮೇಲೆ ಸಣ್ಣ ಮಕ್ಕಳ ಮೆತ್ತನೆಯ ಹೊಸ ಹಲ್ಲುಜ್ಜುವ ಬ್ರಶ್ ತಗೊಂಡು, ಉಂಗುರ ಬೋರಲು ಹಿಡಿದು, ಹರಳಿನ ಅಡಿಯಿಂದ ಮೆಲ್ಲಗೆ ಆಡಿಸಿ. ಮನೆಯವರು ಬಳಸಿ ಬಿಟ್ಟ ಬ್ರಶ್ ಬೇಡ, ಅದರಲ್ಲಿ ಪೇಸ್ಟಿನ ಪುಡಿ ಉಳಿದಿರುತ್ತದೆ. ಇನ್ನೊಂದು ಬಟ್ಟಲಿನ ನೀರಿನಲ್ಲಿ ಅದ್ದಿ ತೆಗೆದು, ಹಳೆಯ ಧೋತರದ ಮೆತ್ತಗಿನ ತುಂಡಿನಿಂದ ಒತ್ತಿ ಒರೆಸಿ. ಎಳೆ ಸಿಕ್ಕಿಕೊಂಡಿದೆಯೇನು ನೋಡಿ. ಮುಗಿಯಿತು. ದಿನಾ ತೊಡುವ ಉಂಗುರಕ್ಕೆ ಹದಿನೈದು ದಿನಕ್ಕೊಮ್ಮೆ ಇಷ್ಟು ಮಾಡಿದರೆ ಸಾಕು. ಇದಕ್ಕಂತಲೇ ಮಾರುವ ದುಬಾರಿ ದ್ರಾವಣಗಳ ಅಗತ್ಯ ನನಗಂತೂ ಕಾಣುವುದಿಲ್ಲ.

ಮೈಸೋಪು ಯಾಕೆ ಆಗದು ಅಂತ ಕೇಳಬಹುದು. ಅದಕ್ಕೆ ನಮ್ಮ ನೆಲವೇ ಕಾರಣ. ಶಹಾಬಾದ್, ವಾಡಿ, ಸೇಡಂ ಕಡೆ ಭೂಮಿಯ ಅಡಿ ಸುಣ್ಣಕಲ್ಲಿನ ಹಾಸಿದೆ. ಮನೆಗೆ ಹಾಸುವ ಪರಸಿ ಅದರದ್ದೇ, ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದಕ್ಕೇ. ಅಂಥ ನೆಲದ ಬೋರ್‌ವೆಲ್ ನೀರು ಗಡಸು. ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಕೂಡಿದರೆ ನೊರೆ ಬರುವುದಿಲ್ಲ, ಬಿಳಿ ಗಸಿ ಬರುತ್ತದೆ. ಸ್ನಾನದ ಬಕೆಟ್ಟಿನ ಅಂಚಿಗೆ ಕೂತಿರುತ್ತದಲ್ಲ, ಅದೇ. ಕೊಳೆ ತೆಗೆಯಲು ಹೋಗಿ ಇನ್ನೊಂದು ಪದರ ಬಳಿದಂತಾಗುತ್ತದೆ. ಪಾತ್ರೆಯ ಲಿಕ್ವಿಡ್ಡಿನಲ್ಲಿರುವುದು ಡಿಟರ್ಜೆಂಟ್. ಗಡಸು ನೀರಿನಲ್ಲೂ ಅದು ಹಾಗೆ ಗಸಿ ಕಟ್ಟುವುದಿಲ್ಲ. ಕೊನೆಯ ಸಲ ತೊಳೆಯಲು ಕುಡಿಯುವ ಆರ್‌ಒ ಫಿಲ್ಟರ್ ನೀರನ್ನೇ ಬಳಸಿ, ಒಣಗಿದ ಮೇಲೆ ಸುಣ್ಣದ ಕಲೆ ಕೂರುವುದಿಲ್ಲ.

ಇನ್ನು ಟೂತ್‌ಪೇಸ್ಟ್. ಇದನ್ನು ಯಾರು ಹಬ್ಬಿಸಿದರೋ, ಮನೆಮನೆಯಲ್ಲೂ ಇದೇ ಮಾತು. ಗಡಸುತನದ ಮೋಸ್ ಮಾಪಕದಲ್ಲಿ ವಜ್ರ 10, ಸಿಲಿಕಾ 7, ಬಂಗಾರ 3ರ ಒಳಗೆ. ಪೇಸ್ಟಿನ ಸಿಲಿಕಾ ಪುಡಿ ವಜ್ರಕ್ಕೆ ಏನೂ ಮಾಡಲಾರದು, ಪಕ್ಕದ ಬಂಗಾರವನ್ನು ಗೀಚಿ ಮಂಕು ಮಾಡುತ್ತದೆ. ಬೂದಿ, ಇಟ್ಟಂಗಿ ಪುಡಿಯ ಕತೆಯೂ ಇದೇ. ಹುಣಸೆಹಣ್ಣು ತಾಮ್ರ ಹಿತ್ತಾಳೆಗೆ ಸರಿ, ಎಣ್ಣೆಯ ಜಿಡ್ಡಿಗೆ ಹುಳಿ ಏನು ಮಾಡೀತು? ಬ್ಲೀಚಿಂಗ್ ಪೌಡರ್ ಮಾತ್ರ ನಿಜಕ್ಕೂ ಕೆಟ್ಟದ್ದು. ವಜ್ರ ಕೂರಿಸುವ ಉಂಗುರ ಸಾಮಾನ್ಯವಾಗಿ 18 ಕ್ಯಾರಟ್ಟಿನದು. ಅಂದರೆ ನೂರಕ್ಕೆ 75 ಪಾಲು ಬಂಗಾರ, ಉಳಿದದ್ದು ತಾಮ್ರ, ಬೆಳ್ಳಿ, ಕೆಲವೊಮ್ಮೆ ನಿಕ್ಕಲ್. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಈ ಮಿಶ್ರಲೋಹವನ್ನು ಒಳಗಿಂದೊಳಗೆ ತಿಂದು, ಹರಳು ಹಿಡಿದಿರುವ ಸಣ್ಣ ಹಲ್ಲುಗಳನ್ನು ಪೆಡಸು ಮಾಡುತ್ತದೆ. ಬಚ್ಚಲ ತಿಕ್ಕುವಾಗ ಉಂಗುರ ತೆಗೆದಿಡಿ.

ರೊಟ್ಟಿ ಬಡಿಯುವಾಗಲೂ ತೆಗೆದಿಡಿ. ಹಿಟ್ಟಿನ ಸಲುವಾಗಿ ಅಷ್ಟೇ ಅಲ್ಲ. ವಜ್ರ ಎಷ್ಟು ಗಡಸೋ ಅಷ್ಟೇ ಪೆಡಸು ಕೂಡ. ಕೆಲವು ದಿಕ್ಕಿನಲ್ಲಿ ಏಟು ಬಿದ್ದರೆ ಸೀಳುತ್ತದೆ. ಹರಳು ತಿರುಗಿ ಅಂಗೈ ಕಡೆ ಬಂದಿದ್ದರೆ ಪ್ರತಿ ಬಡಿತವೂ ಆ ಹಲ್ಲುಗಳ ಮೇಲೆ ಬೀಳುತ್ತದೆ. “ನಿಶ್ಚಯದ ಉಂಗುರ ಬೆರಳಿಂದ ತೆಗೀಬಾರದು” ಅನ್ನುವ ಅತ್ತೆಯರು ಮನೆಯಲ್ಲಿದ್ದರೆ, ಹರಳು ಉದುರಿದ ಉಂಗುರ ತೊಡುವುದಕ್ಕಿಂತ ತಾಸು ಹೊತ್ತು ತೆಗೆದಿಡುವುದು ಶುಭ ಅಂತ ತಿಳಿಹೇಳಿ.

ಇಷ್ಟೆಲ್ಲ ಹೇಳಿದ್ದು ಅಡಿ ತೆರೆದಿರುವ, ಬರೀ ವಜ್ರವಿರುವ ಉಂಗುರಕ್ಕೆ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವೂ ಇಂಗಾಲವೇ, ಅದಕ್ಕೂ ಇದೇ ಕ್ರಮ. ಆದರೆ ಹೈದರಾಬಾದಿನ ನಂಟಿನಿಂದ ನಮ್ಮ ಮನೆಗಳಲ್ಲಿ ಕುಂದನ್, ಜಡಾವು ಒಡವೆಗಳೂ ಉಂಟು. ಅವುಗಳ ಬೆನ್ನು ಮುಚ್ಚಿರುತ್ತದೆ, ಹರಳಿನ ಹಿಂದೆ ಹೊಳೆಯುವ ತಗಡು, ಒಳಗೆ ಅರಗು. ನೀರು ಹೊಕ್ಕರೆ ತಗಡು ಕಪ್ಪಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಒಣ ಬಟ್ಟೆಯಿಂದ ಒರೆಸಿ ಬಿಡಿ. ಮುತ್ತು, ಪಚ್ಚೆ ಸೇರಿಸಿದ ಉಂಗುರವನ್ನೂ ನೆನೆಹಾಕಬೇಡಿ. ಪಚ್ಚೆಯ ಬಿರುಕು ಕಾಣದಂತೆ ಎಣ್ಣೆ ತುಂಬಿರುತ್ತಾರೆ, ಅದು ತೊಳೆದುಹೋದರೆ ಬಿರುಕು ಎದ್ದು ಕಾಣುತ್ತದೆ. ಬೀದರಿನವರಿಗೆ ಒಂದು ಮಾತು: ಉಂಗುರ ಇಡುವ ಡಬ್ಬಿ ಬಿದ್ರಿಯದಾಗಿದ್ದರೆ ಅದನ್ನು ಈ ಲಿಕ್ವಿಡ್ ಹಾಕಿದ ನೀರಿಗೆ ಹಾಕಬೇಡಿ. ಕೋಟೆಯ ಮಣ್ಣಿನಿಂದ ಬಂದ ಆ ಕಪ್ಪಿಗೆ ಕೊಬ್ಬರಿ ಎಣ್ಣೆಯೇ ಶೃಂಗಾರ.

ವರ್ಷಕ್ಕೊಮ್ಮೆ ಸರಾಫ್ ಬಜಾರಿಗೆ ಒಯ್ದು ಹಲ್ಲುಗಳನ್ನು ಭೂತಗನ್ನಡಿಯಲ್ಲಿ ನೋಡಿಸಿ. ಬಿಳಿ ಬಂಗಾರದ ಉಂಗುರ ಹಳದಿಗೆ ತಿರುಗಿದ್ದರೆ ಅದು ಕೊಳೆಯಲ್ಲ. ಮೇಲಿನ ರೋಡಿಯಂ ಲೇಪ ಸವೆದಿರುತ್ತದೆ, ಮತ್ತೆ ಹಾಕಿಸಿಕೊಳ್ಳಬಹುದು. ಉಂಗುರವನ್ನೋ ಹರಳನ್ನೋ ಬದಲಾಯಿಸಿಬಿಟ್ಟಾರು ಅನ್ನುವ ಅಳುಕಿದ್ದರೆ, ಕೊಡುವ ಮೊದಲು ಉಂಗುರದ ಒಳಮೈಯ 750 ಮುದ್ರೆ ಮತ್ತು ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಸಂಖ್ಯೆ ಬರೆದುಕೊಳ್ಳಿ. 2023ರ ಏಪ್ರಿಲ್ 1ರಿಂದ ಅಂಗಡಿಯಲ್ಲಿ ಮಾರುವ ಹಾಲ್‌ಮಾರ್ಕ್ ಒಡವೆಗೆ ಆ ಸಂಖ್ಯೆ ಕಡ್ಡಾಯ. ಪ್ರಮಾಣಪತ್ರವಿರುವ ವಜ್ರವಾದರೆ ಹಲವು ಸಲ ಹರಳಿನ ನಡುಪಟ್ಟಿಯ ಮೇಲೆ ಲೇಸರಿನಿಂದ ಕೊರೆದ ಸಂಖ್ಯೆಯೂ ಇರುತ್ತದೆ. ಭೂತಗನ್ನಡಿಯಲ್ಲಿ ಅದನ್ನು ತೋರಿಸಿ ಅಂತ ಕೇಳಲು ಸಂಕೋಚ ಬೇಡ. ಒಳ್ಳೆಯ ಅಂಗಡಿಯವರು ಬೇಸರ ಮಾಡಿಕೊಳ್ಳುವುದಿಲ್ಲ.

ಕೊನೆಗೊಂದು ಎಚ್ಚರಿಕೆ. ಬಟ್ಟಲಲ್ಲೇ ತೊಳೆಯಿರಿ ಅಂದೆ, ನಲ್ಲಿಯ ಕೆಳಗೆ ಹಿಡಿಯಬೇಡಿ. ಬಟ್ಟಲಿನ ನೀರನ್ನೂ ಚಹಾ ಸೋಸುವ ಜಾಲರಿಯಲ್ಲಿ ಸೋಸಿಯೇ ಚೆಲ್ಲಿ. ಅಕಸ್ಮಾತ್ ಉಂಗುರವೋ ಹರಳೋ ಸಿಂಕಿನೊಳಗೆ ಹೋದರೆ ಮೊದಲು ನಲ್ಲಿ ಬಂದ್ ಮಾಡಿ, ಗಾಬರಿಯಲ್ಲಿ ಮೇಲೆ ನೀರು ಸುರಿಯಬೇಡಿ. ಸಿಂಕಿನ ಕೆಳಗೆ ಬಾಗಿದ ಪೈಪ್ ಇದ್ದರೆ ಅದರ ತಿರುವಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ, ಭಾರದ ವಸ್ತು ಸಾಮಾನ್ಯವಾಗಿ ಅಲ್ಲೇ ತಡೆದು ಕೂತಿರುತ್ತದೆ. ಅದರ ಅಡಿ ಒಂದು ಬಕೆಟ್ ಇಟ್ಟು ತಿರುವು ಬಿಚ್ಚಿಸಿ.

ನಮಸ್ಕಾರ.